ನಿಂಬೆಹಣ್ಣು ನಾಲ್ಕು, ನಟ್ಟು ಹದಿನಾರು

ಇಲ್ಲಿ ಬರೆದು ತಿಂಗಳುಗಳೇ ಆದವು. ಆಫೀಸಿನ ರಿಲೀಸು, ಊರಿನ ಓಡಾಟ, ಸೋಮಾರಿತನ... ನಿಮಗೆ ಬೇಕಾದ ಕಾರಣ ಆರಿಸಿಕೊಳ್ಳಿ :) ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಕುಟ್ಟುತ್ತಾ ಕೂತಿದ್ದೇನೆ. ಸಿಟ್ಟು ಪಂಚರ್ ಅಂಗಡಿಯವನ ಮೇಲೆ ಕಾಲು ಭಾಗ. ಉಳಿದ ಮುಕ್ಕಾಲು ನನ್ನ ಮೇಲೆ, ನನ್ನಂಥವರ ಮೇಲೆ. ಅಂದರೆ ಎಂಜಿನಿಯರಿಂಗ್ ಓದಿ, ಸಾಲ ಮಾಡಿ ಕಾರು ತಗೊಂಡು, ಅದರ ಮೈಲೇಜಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಅದರ ಒಂದೇ ಒಂದು ಚಕ್ರವನ್ನೂ ಕೈಯಾರೆ ಬಿಚ್ಚಿ ಹಾಕದವರ ಮೇಲೆ. ಓದುತ್ತಾ ಇರೋ ನೀವೂ ಅದರಲ್ಲಿದ್ದರೆ ಬೇಜಾರು ಮಾಡ್ಕೋಬೇಡಿ, ಅಥವಾ ಮಾಡ್ಕೊಳ್ಳಿ.

ಮೊದಲು ಒಂದು ಹಳೇ ಕಥೆ. ಕೆಲಸದ ಮೇಲೆ ಎರಡು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಅಲ್ಲಿ ಒಂದು ಹಳೇ ಕಾರು ಕೊಂಡೆ. ಅಕ್ಟೋಬರ್ ಬಂತು ನೋಡಿ, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಚಳಿಗಾಲದ ಟೈರಿನ ಮಾತೇ. ಅಕ್ಟೋಬರಿನಿಂದ ಈಸ್ಟರ್ ತನಕ ಆ ಟೈರು, ಆಮೇಲೆ ಬೇಸಿಗೆ ಟೈರು, ಇದು ಅಲ್ಲಿನವರ ವಾಡಿಕೆ. ರಸ್ತೆ ಮೇಲೆ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಇರಲೇಬೇಕು ಅಂತ 2010ರ ಡಿಸೆಂಬರಿನಲ್ಲಿ ನಿಯಮವನ್ನು ಬಿಗಿ ಮಾಡಿದ್ದಾರೆ. ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಮೇಲೆ ಒಂದು ಅಂಕ. ಟೈರಿನ ಪಕ್ಕೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇರಬೇಕು. 2024ರ ಅಕ್ಟೋಬರ್ 1ರಿಂದ ಆ ಗುರುತು ಇಲ್ಲದ್ದು ಲೆಕ್ಕಕ್ಕೇ ಇಲ್ಲ. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ರಬ್ಬರು ಮೆತ್ತಗೇ ಉಳಿಯುತ್ತದೆ, ಮೇಲೆ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ.

ಬಹಳ ಜನರ ಹತ್ತಿರ ರಿಮ್ಮಿನ ಸಮೇತ ಎರಡು ಸೆಟ್ ಚಕ್ರ ಇರುತ್ತವೆ. ಶನಿವಾರ ಬೆಳಿಗ್ಗೆ ಮನೆ ಮುಂದೆ ಜಾಕು ಹಾಕಿ ತಾವೇ ಬದಲಾಯಿಸುತ್ತಾರೆ. ನನಗೆ ಅಲ್ಲಿ ಕಲಿಸಿದವನು ಜರ್ಮನ್ ಅಲ್ಲ, ಹಾಸನದ ಕಡೆಯ ಗೆಳೆಯ. ನಾನು ಬೋಲ್ಟು ಸಲೀಸಾಗಿ ಹೋಗಲಿ ಅಂತ ಎಣ್ಣೆ ಹಚ್ಚೋಕೆ ಹೋದೆ. ಪಕ್ಕದ ಮನೆ ಅಜ್ಜ ಬೇಲಿ ಆಚೆಯಿಂದಲೇ ಕೂಗಿದ. ನನಗೆ ಅರ್ಥವಾದದ್ದು "ನೈನ್, ನೈನ್" ಅಷ್ಟೇ :) ಎಲ್ಲಾ ಮುಗಿದ ಮೇಲೆ ಗೆಳೆಯ ಹೇಳಿದ, "ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿ ನೋಡು, ಮರೀಬೇಡ." ಮರೆಯಲಿಲ್ಲ. ನೋಡಿದಾಗ ಒಂದು ಬೋಲ್ಟು ಅರ್ಧ ಸುತ್ತು ತಿರುಗಿತು.

ಈಗ ಬಳ್ಳಾರಿಗೆ ಬನ್ನಿ.

ನಮ್ಮೂರಿಗೆ ಚಳಿಗಾಲದ ಟೈರು ಅಂದರೆ ಜನ ನಗುತ್ತಾರೆ, ನಗಬೇಕು ಕೂಡ. ಏಪ್ರಿಲ್, ಮೇನಲ್ಲಿ 40 ದಾಟುವ ಬಿಸಿಲು, ಸುತ್ತ ಬಂಡೆಗುಡ್ಡ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನೋ ಜೋಕು ಎಲ್ಲರಿಗೂ ಗೊತ್ತು. ಹೋದ ಮೇ ತಿಂಗಳು ನಾನು ಬೆಂಗಳೂರಿನಿಂದ ಊರಿಗೆ ಬಂದಾಗ ಹಿಂದಿನ ಎರಡು ಟೈರು ಸವೆದಿದ್ದವು. ಬಳ್ಳಾರಿಯಲ್ಲೇ ಒಂದು ಅಂಗಡಿಯಲ್ಲಿ ಹೊಸವು ಹಾಕಿಸಿದೆ. ಯಾವ ಅಂಗಡಿ ಅಂತ ಹೇಳಲ್ಲ. ಹೇಳಿದರೆ ನೀವು ಆ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗ್ತೀರಿ, ಅಲ್ಲೂ ಅದೇ ಆಗುತ್ತೆ. ಏರ್ ಗನ್ನು ಟರ್‌ರ್‌ರ್ ಅಂತು, ಹತ್ತು ಸೆಕೆಂಡಿನಲ್ಲಿ ನಾಲ್ಕೂ ನಟ್ಟು ಮುಗಿದವು, ಹುಡುಗ ವೀಲ್ ಕ್ಯಾಪು ಗುದ್ದಿ ಕೂರಿಸಿದ. ನಾನು ಅಂಗಡಿಯ ಕುರ್ಚಿಯಲ್ಲಿ ಫ್ಯಾನಿನ ಕೆಳಗೆ ಫೋನು ನೋಡುತ್ತಾ ಕೂತಿದ್ದೆ. ಸ್ಟುಟ್‌ಗಾರ್ಟ್‌ನಲ್ಲಿ ಅಷ್ಟು ಶ್ರದ್ಧೆಯಿಂದ ಬಿಗಿ ನೋಡಿದ ಮಹಾಶಯ, ಬಳ್ಳಾರಿಯಲ್ಲಿ ಎದ್ದು ನೋಡಲೂ ಇಲ್ಲ. ಅಲ್ಲಿ ಜರ್ಮನ್ ಆಗಿದ್ದೆ, ಇಲ್ಲಿ ಸಾಹೇಬ ಆಗಿದ್ದೆ.

ಮರುದಿನ ಅವ್ವ, ಮಾವನ ಜೊತೆ ಸಿರುಗುಪ್ಪಕ್ಕೆ ಹೊರಟೆವು. ನೆಂಟರ ಮನೆಯಲ್ಲಿ ಊಟ, ಬರುವಾಗ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಅಂತ ಅವ್ವನ ಯೋಜನೆ. ತೆಕ್ಕಲಕೋಟೆ ದಾಟಿದ ಮೇಲೆ ಹಿಂದಿನಿಂದ ಟಕ್... ಟಕ್... ಟಕ್. ಮೊದಲು ಡಿಕ್ಕಿಯಲ್ಲಿ ಏನೋ ಉರುಳಾಡ್ತಿದೆ ಅಂದುಕೊಂಡೆ. ಮಾವ "ಸ್ಟೆಪ್ನಿ ಲೂಸಾಗಿರಬೇಕು ಬಿಡೋ" ಅಂದ. ಸ್ವಲ್ಪ ಹೊತ್ತಿಗೆ ಗಾಡಿಯ ಹಿಂಭಾಗ ಕುಣಿಯಲು ಶುರುವಾಯಿತು. ಎದುರಿಗೆ ಭತ್ತ ತುಂಬಿದ ಲಾರಿ ಬರ್ತಿತ್ತು, ಅದು ಹೋಗುವ ತನಕ ಉಸಿರು ಬಿಗಿಹಿಡಿದು ನಿಧಾನಕ್ಕೆ ಪಕ್ಕಕ್ಕೆ ಹಾಕಿದೆ. ಇಳಿದು ಕ್ಯಾಪು ಕಿತ್ತರೆ ಎಡಗಡೆ ಹಿಂದಿನ ಚಕ್ರದಲ್ಲಿ ನಾಲ್ಕು ನಟ್ಟಿನಲ್ಲಿ ಒಂದು ಕ್ಯಾಪಿನೊಳಗೆ ಬಿದ್ದಿದೆ, ಎರಡು ಬೆರಳಲ್ಲೇ ತಿರುಗುತ್ತವೆ, ನಾಲ್ಕನೆಯದು ಒಂದೇ ಬಡಪಾಯಿ ಚಕ್ರವನ್ನು ಹಿಡಿದುಕೊಂಡಿದೆ. ಆ ಚಕ್ರದ ನೇರ ಮೇಲೆ ಕೂತಿದ್ದವಳು ನಮ್ಮವ್ವ.

ಅವ್ವ ಕೇಳಿದ್ದು ಒಂದೇ ಮಾತು. "ನಿನ್ನ ಎಂಜಿನಿಯರಿಂಗು ಯಾತಕ್ಕೆ ಬಂತೋ?"

ಅಲ್ಲಿಗೇ ಮುಗಿದಿದ್ದರೆ ಈ ಬರಹ ಬರೀತಿರಲಿಲ್ಲವೇನೋ. ಸ್ವಲ್ಪ ಮುಂದೆ ಒಂದು ಪಂಚರ್ ಅಂಗಡಿ, ತಗಡಿನ ಚಪ್ಪರ, ಕಂಬಕ್ಕೆ ತೂಗುಹಾಕಿದ ಹಳೇ ಟೈರು. ಮಾವ ನಡೆದುಹೋಗಿ ಕರಕೊಂಡು ಬಂದ. ಬಂದವರು ಅಂಗಡಿಯವನು ಮತ್ತು ಒಬ್ಬ ಹುಡುಗ. ಹುಡುಗನಿಗೆ ಹದಿಮೂರೋ ಹದಿನಾಲ್ಕೋ. ನನ್ನ ಕಾರಿನ ಕತ್ತರಿ ಜಾಕನ್ನೇ ತೆಗೆದು, ರಸ್ತೆ ಪಕ್ಕದ ಎರೆಮಣ್ಣಿನ ಮೇಲೆ ಇಟ್ಟು ಎತ್ತಿದರು. ಚಕ್ರಕ್ಕೆ ಅಡ್ಡಗಲ್ಲಿಲ್ಲ, ಜಾಕಿನ ಕೆಳಗೆ ಹಲಗೆಯಿಲ್ಲ. ನಾನು ಬಾಯಿಬಿಟ್ಟೆ, "ಅಣ್ಣಾ, ಕೆಳಗ ಏನಾರ ಇಡೋಣ ತಡಿ." ಅವನು, "ಏನಾಗಲ್ ಬಿಡ್ರಿ ಸಾರ್, ದಿನಾ ಮಾಡ್ತೀವಿ." ನಾನು ಸುಮ್ಮನಾದೆ. ಅದೇ ನನ್ನ ತಪ್ಪು. ಚಕ್ರ ಬಿಚ್ಚಿ, ಬೋಲ್ಟಿನ ಎಳೆ ಕೆಟ್ಟಿದೆಯಾ ನೋಡಲು ಹುಡುಗ ಡ್ರಮ್ಮಿನ ಹಿಂದೆ ಕೈ ಹಾಕಿದ. ಎರೆಮಣ್ಣು ಮೇಲೆ ಕಲ್ಲಿನಂತೆ ಕಂಡರೂ ಒಳಗೆ ಬಿರುಕು. ಜಾಕಿನ ಒಂದು ಬದಿ ಕುಸಿಯಿತು, ಗಾಡಿ ವಾಲಿತು, ಡ್ರಮ್ಮು ಧಪ್ಪಂತ ನೆಲಕ್ಕೆ ಬಂತು. ಹುಡುಗ ಕೈ ಎಳೆದುಕೊಂಡ. ಪೂರ್ತಿ ಅಲ್ಲ. ಎರಡು ಬೆರಳಿನ ತುದಿ ಸಿಕ್ಕಿತು.

ಅಂಗಡಿಯವನು ಮೊದಲು ಮಾಡಿದ್ದು ಏನು ಗೊತ್ತಾ? ಹುಡುಗನ ತಲೆಗೆ ಒಂದು ಬಿಟ್ಟ. "ಕಣ್ಣಿಲ್ಲೇನಲೇ" ಅಂತ. ಅವ್ವ ಕುಡಿಯೋ ನೀರಿನ ಬಾಟಲಿಯಿಂದ ಅವನ ಕೈ ತೊಳೆದು ಸೆರಗು ಹರಿದು ಕಟ್ಟಿದಳು. ಅಲ್ಲಿಂದ ಸಿರುಗುಪ್ಪದ ಆಸ್ಪತ್ರೆಗೆ ಹೋದದ್ದು ಅಂಗಡಿಯವನ ಬೈಕಿನಲ್ಲಿ, ಮಾವನ ಜೊತೆ. ನನ್ನ ಕಾರು ಮೂರು ಕಾಲಿನ ಕತ್ತೆಯಂತೆ ಮಲಗಿತ್ತಲ್ಲ. ಉಗುರು ಹೋಗಿದೆ, ಮೂಳೆ ಮುರಿದಿಲ್ಲ ಅಂದರು. ನಾನು ಐನೂರು ರೂಪಾಯಿಯ ಎರಡು ನೋಟು ಹುಡುಗನ ಕೈಗೆ, ಕಟ್ಟು ಇಲ್ಲದ ಕೈಗೆ, ಕೊಟ್ಟೆ. ಅವನು ಅದನ್ನು ಹಾಗೇ ಅಂಗಡಿಯವನಿಗೆ ಕೊಟ್ಟ.

ಈ ಘಟನೆ ಹೇಳಿದಾಗೆಲ್ಲ ಗೆಳೆಯರು ಮೂರು ಥರ ಮಾತಾಡ್ತಾರೆ. ಮೂರೂ ಕೇಳಿ ಕೇಳಿ ಕಿವಿ ತೂತಾಗಿದೆ.

ಒಂದು, "ಇಂಡಿಯಾದಲ್ಲಿ ಇಷ್ಟೇ ಗುರು." ಇದು ನಮ್ಮ ಐಟಿಯವರ ಮಂತ್ರ. ಇದಕ್ಕೆ ಉತ್ತರ ಲಾರಿಗಳ ಹತ್ತಿರ ಇದೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಅದಿರಿನ ಲಾರಿ ನಿಂತಾಗ ಕ್ಲೀನರು ಮೊದಲು ಏನು ಮಾಡ್ತಾನೆ? ಕೆಳಗೆ ಹಾರಿ ಚಕ್ರದ ಹಿಂದೆ ಕಲ್ಲೋ, ಕಟ್ಟಿಗೆ ತುಂಡೋ ಒತ್ತುತ್ತಾನೆ. (ಹೋಗುವಾಗ ಆ ಕಲ್ಲು ರಸ್ತೆ ಮೇಲೇ ಬಿಟ್ಟು ಹೋಗ್ತಾನೆ, ಅದು ಬೇರೆ ಜಗಳ.) ಅವನು ಹತ್ತನೇ ಕ್ಲಾಸು ಓದಿರಲಿಕ್ಕಿಲ್ಲ. ನಮ್ಮ ತಾತ ಬಂಡಿ ಕಟ್ಟುವ ಮುಂಚೆ ಕಡೆಗೀಲು ಮುಟ್ಟಿ ನೋಡದೆ ಎತ್ತು ಹೂಡುತ್ತಿರಲಿಲ್ಲ. ಕೀಲು ಬಿದ್ದರೆ ಗಾಲಿ ಕಳಚುತ್ತೆ ಅನ್ನೋದು ಅವರಿಗೆ ಯಾವ ಜರ್ಮನ್ನನೂ ಹೇಳಿಕೊಡಲಿಲ್ಲ. ಹಾಗಾಗಿ ಇದು ಇಂಡಿಯಾದ ಗುಣವಲ್ಲ, ಕಾರಿಗೆ ಹತ್ತಿದ ಮೇಲೆ ನಮಗೆ ಬಂದ ರೋಗ. ಗಾಜು ಏರಿಸಿ ಎಸಿ ಹಾಕಿಕೊಂಡರೆ ಚಕ್ರ ನಮ್ಮದಲ್ಲ, ಬೇರೆಯವರದ್ದು.

ಎರಡು, "ಅವನಿಗೆ ಇಪ್ಪತ್ತು ವರ್ಷದ ಅನುಭವ ಇದೆ, ನಟ್ಟು ಎಷ್ಟು ಟೈಟ್ ಮಾಡ್ಬೇಕು ಅಂತ ನೀನು ಹೇಳ್ತೀಯಾ?" ಹೌದು, ಹೇಳ್ತೀನಿ. ಲೆಕ್ಕ ಪಿಯುಸಿಯದ್ದು. ಕಾರಿನ ಜೊತೆ ಬರುವ ಪಾನಾ ಸುಮಾರು 30 ಸೆಂಟಿಮೀಟರ್ ಉದ್ದ ಅಂತಿಟ್ಟುಕೊಳ್ಳಿ. 70 ಕೆಜಿಯವನು ಅದರ ತುದಿಯ ಮೇಲೆ ಹತ್ತಿ ನಿಂತರೆ ಬೀಳುವ ತಿರುಚುಬಲ 70 × 9.8 × 0.3, ಅಂದರೆ 206 ನ್ಯೂಟನ್ ಮೀಟರ್. ಪಾನಾಕ್ಕೆ ಪೈಪು ಸಿಕ್ಕಿಸಿ ಉದ್ದ ಎರಡರಷ್ಟು ಮಾಡಿದರೆ 412. ಸಣ್ಣ ಕಾರುಗಳಿಗೆ ಬೇಕಾಗಿರೋದು ಸಾಮಾನ್ಯವಾಗಿ 100ರ ಆಸುಪಾಸು, ನಿಮ್ಮ ಗಾಡಿಯ ನಿಖರ ಅಂಕಿ ಅದರ ಕೈಪಿಡಿಯಲ್ಲಿದೆ. ಮೇಲೆ ಹತ್ತಿ ಕುಣಿಯುವವನು ಎರಡರಿಂದ ನಾಲ್ಕು ಪಟ್ಟು ಬಿಗೀತಾನೆ. ಏರ್ ಗನ್ನಿನವನು ಎಷ್ಟು ಬಿಗೀತಾನೆ ಅನ್ನೋದು ಆ ಹೊತ್ತಿಗೆ ಕಂಪ್ರೆಸರಿನಲ್ಲಿ ಎಷ್ಟು ಗಾಳಿಯಿದೆ ಅನ್ನೋದರ ಮೇಲೆ ಹೋಗುತ್ತೆ. ಒಂದು ನಟ್ಟಿಗೆ ಅತಿ, ಇನ್ನೊಂದಕ್ಕೆ ಕೊರತೆ.

"ಅತಿ ಆದ್ರೆ ಒಳ್ಳೇದೇ ಅಲ್ವಾ?" ಅಲ್ಲ. ನಟ್ಟು ಚಕ್ರದ ಭಾರ ಹೊರುವುದಿಲ್ಲ, ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಸ್ಪ್ರಿಂಗಿನ ಹಾಗೆ. ಆ ಹಿಗ್ಗಿದ ಸೆಳೆತವೇ ಹಿಡಿತ. ಅತಿಯಾಗಿ ಎಳೆದರೆ ಸ್ಪ್ರಿಂಗು ಸತ್ತುಹೋಗುತ್ತೆ, ಬೋಲ್ಟು ಮತ್ತೆ ಮೊದಲಿನಂತೆ ಆಗಲ್ಲ, ಒಂದು ದಿನ ತುಂಡಾಗುತ್ತೆ. ಎಣ್ಣೆ ಹಚ್ಚಬಾರದು ಅಂದದ್ದೂ ಇದಕ್ಕೇ. ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತೆ, ಒಂದೇ ಪಾಲು ಬೋಲ್ಟನ್ನು ಎಳೆಯುತ್ತೆ. ಎಣ್ಣೆ ಹಚ್ಚಿ ತಿಕ್ಕಾಟ ಕಮ್ಮಿ ಮಾಡಿದರೆ ಅದೇ ಕೈಬಲಕ್ಕೆ ಬೋಲ್ಟು ಬಹಳ ಹೆಚ್ಚು ಹಿಗ್ಗುತ್ತೆ. ಪಕ್ಕದ ಮನೆ ಅಜ್ಜನಿಗೆ ಇಷ್ಟು ಲೆಕ್ಕ ಗೊತ್ತಿತ್ತೋ ಇಲ್ಲವೋ, ಬೈದದ್ದು ಮಾತ್ರ ಸರಿ.

ಇನ್ನೊಂದು ಕಷ್ಟ ನೋಡಿ. ಅಂಗಡಿಯಲ್ಲಿ ಕುಣಿದು ಬಿಗಿದ ನಟ್ಟನ್ನು ರಾತ್ರಿ ಹತ್ತು ಗಂಟೆಗೆ ಚಳ್ಳಕೆರೆಯ ಹತ್ತಿರ ನಿಮ್ಮ ತಂಗಿಯೋ ಹೆಂಡತಿಯೋ ಬಿಚ್ಚಬೇಕಾಗಿ ಬಂದರೆ? ಆ ಚಿಕ್ಕ ಪಾನಾದಲ್ಲಿ ಅದು ಅಲ್ಲಾಡಲ್ಲ.

ಮೂರನೇ ಮಾತು ಹೆಚ್ಚು ಚಾಲಾಕಿನದು. "ಜರ್ಮನಿಯವರನ್ನ ನೋಡಿ ಕಲೀಬೇಕು" ಅನ್ನೋದು. ಇದು ನನ್ನ ಪರವಾದ ಮಾತಿನ ಹಾಗೆ ಕೇಳುತ್ತೆ, ಆದರೆ ಇದರ ಮೇಲೇ ನನಗೆ ಜಾಸ್ತಿ ತಕರಾರು. ಜರ್ಮನಿಯವರು ಹುಟ್ಟಾ ಶಿಸ್ತಿನವರು, ನಾವು ಹುಟ್ಟಾ ಅಶಿಸ್ತಿನವರು ಅಂತ ಒಪ್ಪಿಕೊಂಡರೆ ಮಾಡಲು ಏನೂ ಉಳಿಯಲ್ಲ, ಮಿರ್ಚಿ ತಿಂದು ಮಲಗಬಹುದು. ನನಗೆ ಅನಿಸೋದು ಬೇರೆ. ಅವರಿಗೆ ಚಳಿಗಾಲ ಇದೆ. ಅಷ್ಟೇ ವ್ಯತ್ಯಾಸ. ವರ್ಷಕ್ಕೆ ಎರಡು ಸಲ ನಾಲ್ಕೂ ಚಕ್ರ ಬಿಚ್ಚಲೇಬೇಕು. ಮನೆ ಮುಂದೆ, ಗಟ್ಟಿ ನೆಲದ ಮೇಲೆ, ಹಗಲಲ್ಲಿ, ಅವಸರವಿಲ್ಲದೆ. ಅಪ್ಪ ಮಾಡೋದನ್ನ ಮಗಳು ನೋಡ್ತಾಳೆ, ಹದಿನೆಂಟಾದಾಗ ತಾನೇ ಮಾಡ್ತಾಳೆ. ಬಿಚ್ಚಿದಾಗ ಬ್ರೇಕಿನ ಪ್ಯಾಡು ಕಾಣುತ್ತೆ, ಟೈರಿನ ಒಳಮೈಯಲ್ಲಿ ಸೀಳಿದ್ದರೆ ಕಾಣುತ್ತೆ. ನಮ್ಮ ಚಕ್ರ ಬಿಚ್ಚೋದು ಯಾವಾಗ? ಕೆಟ್ಟಾಗ ಮಾತ್ರ. ರಸ್ತೆ ಪಕ್ಕದ ಎರೆಮಣ್ಣಿನಲ್ಲಿ, 42 ಡಿಗ್ರಿ ಬಿಸಿಲಲ್ಲಿ, ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತಿರುವಾಗ, ಎದುರಿಗೆ ಲಾರಿ ಬರುತ್ತಿರುವಾಗ. ಮೊದಲ ಪಾಠವನ್ನೇ ಪರೀಕ್ಷೆಯ ದಿನ ಓದಿದ ಹಾಗೆ.

ನಮಗೆ ಚಳಿಗಾಲದ ಟೈರು ಬೇಡ. ಚಳಿಗಾಲದ ಟೈರಿನ ಆ ಶನಿವಾರ ಬೇಕು.

ಆ ದಿನ ನಮ್ಮಲ್ಲೂ ಇದೆ ಸ್ವಾಮೀ! ಹೆಚ್ಚುಕಡಿಮೆ ಅದೇ ಅಕ್ಟೋಬರಿನಲ್ಲೇ. ಆಯುಧಪೂಜೆ. ಬಳ್ಳಾರಿಯಲ್ಲಿ ಅವತ್ತು ಒಂದು ಗಾಡಿ ತೊಳೆಯದೆ ಉಳಿಯಲ್ಲ. ಚೆಂಡುಹೂವಿನ ಹಾರ, ಬಾಳೆಕಂದು, ಬಾನೆಟ್ಟಿಗೆ ಕುಂಕುಮ, ವಿಭೂತಿ, ಬೂದುಗುಂಬಳ ಒಡೆಯೋದು. ಕೊನೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಪಚಕ್ ಅಂತ ಹಾಯಿಸಿದರೆ ವರ್ಷವಿಡೀ ಕ್ಷೇಮ. ನಾನು ನಿಂಬೆಹಣ್ಣಿನ ವಿರೋಧಿ ಅಲ್ಲ. ಅವ್ವ ಇಡ್ತಾಳೆ, ನಾನು ಹಾಯಿಸ್ತೀನಿ, ಮುಂದೆಯೂ ಹಾಯಿಸ್ತೀನಿ. ಆದರೆ ಆ ನಿಂಬೆಹಣ್ಣು ಇಡಲು ಚಕ್ರದ ಹತ್ತಿರ ಬಗ್ಗುತ್ತೀವಲ್ಲ, ಮೂಗಿನಿಂದ ಒಂದಡಿ ದೂರದಲ್ಲಿ ನಾಲ್ಕು ನಟ್ಟಿವೆ. ನಾಲ್ಕು ನಾಲ್ಕಲ ಹದಿನಾರು. ಒಂದನ್ನಾದರೂ ಮುಟ್ಟುತ್ತೀವಾ? ಆಯುಧದ ಪೂಜೆ ಅಂತ ಹೆಸರು, ಪೂಜೆಯ ದಿನವೂ ಜಾಕೆಂಬ ಆಯುಧ ಡಿಕ್ಕಿಯ ಮ್ಯಾಟಿನ ಕೆಳಗೆ ತುಕ್ಕು ಹಿಡಿಯುತ್ತಾ ಮಲಗಿರುತ್ತೆ.

ಹಾಗಾಗಿ ನನ್ನ ಒತ್ತಾಯ ಇದು. ಆಯುಧಪೂಜೆಯ ಹಿಂದಿನ ದಿನ ನಿಮ್ಮ ಕಾರಿನ ಚಕ್ರವನ್ನು ನೀವೇ ಬಿಚ್ಚಿ ಹಾಕಿ. ನಾಲ್ಕೂ ಆಗದಿದ್ದರೆ ಒಂದು. ಹೇಗೆ ಅಂತ ನಾನು ಕಲಿತದ್ದನ್ನು ಹೇಳಿಬಿಡ್ತೀನಿ, ತಪ್ಪಿದ್ದರೆ ಬೈಯಿರಿ.

ನೆಲ ಸಪಾಟಾಗಿ, ಗಟ್ಟಿಯಾಗಿ ಇರಬೇಕು. ಗಾಡಿ ಮೊದಲ ಗೇರಿನಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು. ಬಿಚ್ಚುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರದ ಹಿಂದೆ ಮುಂದೆ ಕಲ್ಲೋ ಮರದ ತುಂಡೋ ಒತ್ತಿ. ಕಾರಿನಲ್ಲಿ ಯಾರೂ ಕೂತಿರಬಾರದು, "ನಾನು ಎಸಿಯಲ್ಲೇ ಇರ್ತೀನಿ" ಅನ್ನುವ ಮಾವ ಕೂಡ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು, ಎತ್ತಿದ ಮೇಲೆ ಜಗ್ಗಾಡಿದರೆ ಗಾಡಿ ಜಾಕಿನಿಂದ ಜಾರುತ್ತೆ. ಜಾಕು ಎಲ್ಲೆಂದರಲ್ಲಿ ಅಲ್ಲ, ಬಾಗಿಲಿನ ಕೆಳಗಿನ ಅಂಚಿನಲ್ಲಿ ಅದಕ್ಕೆಂದೇ ಗುರುತಿದೆ, ಅಲ್ಲಿ. ಕೆಳಗೆ ಒಂದು ದಪ್ಪ ಹಲಗೆ. ಒಂದಡಿ ಅಗಲದ ಹಲಗೆ ಇದ್ದಿದ್ದರೆ ತೆಕ್ಕಲಕೋಟೆಯ ಆಚೆ ಆ ಹುಡುಗನ ಉಗುರು ಇರುತ್ತಿತ್ತು. ಎತ್ತಿದ ಕೂಡಲೇ ಸ್ಟೆಪ್ನಿಯನ್ನು ಮಲಗಿಸಿ ಗಾಡಿಯ ಅಂಚಿನ ಕೆಳಗೆ ತಳ್ಳಿ. ಜಾಕು ಜಾರಿದರೂ ಗಾಡಿ ಸ್ಟೆಪ್ನಿಯ ಮೇಲೆ ಬೀಳುತ್ತೆ, ಮನುಷ್ಯನ ಮೇಲಲ್ಲ. ಬಿಚ್ಚಿದ ಚಕ್ರವನ್ನು ಅಲ್ಲಿಗೆ ತಳ್ಳಿ ಸ್ಟೆಪ್ನಿ ಈಚೆ ಎಳೆದುಕೊಂಡರಾಯಿತು. ಏನೇ ಆದರೂ ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ, ಕಾಲು, ತಲೆ ಹೋಗಕೂಡದು.

ಹಬ್ಬಿನ ಮುಖ, ಚಕ್ರದ ಒಳಮುಖ ಎರಡನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ. ನಮ್ಮ ಗದ್ದೆ ಸೀಮೆಯಲ್ಲಿ ಇದು ಮುಖ್ಯ. ನಾಟಿಯ ಕಾಲದಲ್ಲಿ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನೆಲ್ಲ ರಸ್ತೆಗೆ ತಂದು ಸುರಿದಿರುತ್ತವೆ, ಅದು ಒಣಗಿ ಹಬ್ಬಿಗೆ ಅಂಟಿರುತ್ತೆ. ಮಧ್ಯೆ ಮಣ್ಣು, ತುಕ್ಕು ಇಟ್ಟು ಬಿಗಿದರೆ ಐವತ್ತು ಕಿಲೋಮೀಟರಿನಲ್ಲಿ ಅದು ಪುಡಿಯಾಗಿ ಉದುರುತ್ತೆ, ಅಷ್ಟು ಜಾಗ ಖಾಲಿ, ನಟ್ಟು ಸಡಿಲ. ಆವತ್ತು ನನ್ನ ಚಕ್ರದ ಹಿಂದೆ ಬೆರಳಿಗೆ ಸಿಕ್ಕಿದ್ದು ಇಂಥದೇ ತುಕ್ಕಿನ ಪುಡಿ.

ನಟ್ಟಿನ ಚೂಪು ಬದಿ ಚಕ್ರದ ಕಡೆಗೆ. ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ಬೆರಳಲ್ಲಿ ಹೋಗದ ನಟ್ಟು ಓರೆಯಾಗಿ ಕಚ್ಚಿದೆ ಅಂತ ಅರ್ಥ, ಪಾನಾ ಹಾಕಿ ಒತ್ತಾಯ ಮಾಡಿದರೆ ಎಳೆ ಕೆಡುತ್ತೆ. ಆಮೇಲೆ ಎದುರು ಬದುರು ಜೋಡಿಯಾಗಿ ಬಿಗಿಯೋದು, ಸುತ್ತಲೂ ಸಾಲಾಗಿ ಅಲ್ಲ. ಗಾಡಿ ಇಳಿಸಿ ಕೊನೆಯ ಬಿಗಿ. ಟಾರ್ಕ್ ರೆಂಚ್ ಇದ್ದರೆ ಒಳ್ಳೇದು, ಒಂದು ಸಲ ಕೊಂಡರೆ ವರ್ಷಗಟ್ಟಲೆ ಬರುತ್ತೆ, ಅಲಾಯ್ ಚಕ್ರಕ್ಕೆ ಸುರಿಯುವ ದುಡ್ಡಿನ ಮುಂದೆ ಅದು ಪುಡಿಗಾಸು. ರಸ್ತೆಯಲ್ಲಿ ಅದಿಲ್ಲದಿದ್ದರೆ 30 ಸೆಂಟಿಮೀಟರಿನ ಪಾನಾದ ತುದಿಗೆ ಸುಮಾರು 35 ಕೆಜಿ ಭಾರ ಬಿದ್ದಷ್ಟು ಕೈಬಲ ಸಾಕು, ಅದು 103 ನ್ಯೂಟನ್ ಮೀಟರ್. 35 ಕೆಜಿ ಅಂದರೆ ಸಿರುಗುಪ್ಪದ ಸೋನಾಮಸೂರಿಯ 25 ಕೆಜಿ ಚೀಲ, ಅದರ ಮೇಲೆ ಹತ್ತು ಕೆಜಿಯ ಇನ್ನೊಂದು. ತೂಕದ ಯಂತ್ರವನ್ನು ಕೈಯಲ್ಲಿ ಒತ್ತಿ ಅಂದಾಜು ಮಾಡಿಕೊಳ್ಳಿ, ಕಾಲಲ್ಲಿ ಕುಣಿಯಬೇಡಿ.

ಮತ್ತೆ ಆ ಐವತ್ತು ಕಿಲೋಮೀಟರಿನ ನಿಯಮ. ದೇವರೇ ನಮ್ಮ ಜಿಲ್ಲೆಗೆ ಅಳತೆ ಮಾಡಿ ಕೊಟ್ಟಂತಿದೆ. ಬಳ್ಳಾರಿಯಲ್ಲಿ ಚಕ್ರ ಹಾಕಿಸಿಕೊಂಡು ಹೊರಟರೆ ಸಿರುಗುಪ್ಪ ಮುಟ್ಟುವ ಹೊತ್ತಿಗೆ ಐವತ್ತು ದಾಟಿರುತ್ತೆ. ಕುರುಗೋಡಿಗೆ ಹೋಗಿ ಬಸವಣ್ಣನಿಗೆ ಕೈಮುಗಿದು ವಾಪಸ್ಸು ಬಂದರೂ ಹೆಚ್ಚುಕಡಿಮೆ ಅಷ್ಟೇ. ಇಳಿದು ಚಾ ಕುಡಿಯುವ ಮುಂಚೆ ಎಲ್ಲಾ ನಟ್ಟಿಗೂ ಪಾನಾ ಹಾಕಿ ನೋಡಿ. ಎರಡು ನಿಮಿಷ. ನಾನು ಆ ಎರಡು ನಿಮಿಷ ಉಳಿಸಲು ಹೋಗಿದ್ದೆ.

ಹೊಸ ಟೈರು ಹಾಕಿಸುವಾಗಲೂ ಕುರ್ಚಿ ಬಿಟ್ಟು ಏಳಿ. ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಸಂಖ್ಯೆ ಇರುತ್ತೆ, 3524 ಅಂದರೆ 2024ನೇ ಇಸವಿಯ 35ನೇ ವಾರ ತಯಾರಾದದ್ದು. ನಮ್ಮ ಬಿಸಿಲಲ್ಲಿ ಗೋಡೌನಿನಲ್ಲಿ ವರ್ಷಗಟ್ಟಲೆ ಒಣಗಿದ ಟೈರು ಹೊಳಪು ಹಚ್ಚಿಕೊಂಡು ಹೊಸದಾಗಿ ಬರುತ್ತೆ. ಎರಡೇ ಹೊಸ ಟೈರಾದರೆ ಹಿಂದಕ್ಕೆ ಹಾಕಿಸಿ, ಮುಂದಕ್ಕಲ್ಲ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಬುಗುರಿಯಾಗುತ್ತೆ, ಹಿಡಿಯೋದು ಕಷ್ಟ. ಬೇಸಿಗೆಯಲ್ಲಿ "ಗಾಳಿ ಕಮ್ಮಿ ಹಾಕ್ರಿ, ಬಿಸಿಗೆ ಸಿಡೀತದ" ಅನ್ನೋದು ನಮ್ಮೂರಿನ ಇನ್ನೊಂದು ವೇದವಾಕ್ಯ. ಉಲ್ಟಾ. ಗಾಳಿ ಕಮ್ಮಿಯಾದರೆ ಪಕ್ಕೆ ಮಡಚಿ ಮಡಚಿ ಬಿಸಿಯಾಗಿಯೇ ಸಿಡಿಯುತ್ತೆ. ಕೈಪಿಡಿಯಲ್ಲಿ ಹೇಳಿದಷ್ಟನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ಹಾಕಿಸಿ. (ನೈಟ್ರೋಜನ್ ಗಾಳಿಗೆ ಬೇರೆ ರೇಟು ಕೇಳಿದರೆ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ ಅಂತ ನೆನಪಿಸಿ ನಕ್ಕುಬಿಡಿ.)

ಇನ್ನು ಆ ಹುಡುಗ. ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನೋ ಕಾನೂನು ಇದೆ, 1986ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದು ಬಿಗಿ ಮಾಡಿದ್ದಾರೆ. ಅದರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಕಣ್ಣೀರು ಹಾಕೋದು ಸುಲಭ, ನಾನೂ ಹಾಕಿದ್ದೇನೆ. ಆದರೆ ಅವನ ಕೈ ಡ್ರಮ್ಮಿನ ಹಿಂದೆ ಹೋದದ್ದು ಯಾರ ಕಾರಿನಲ್ಲಿ? ನನಗೆ ಅಡ್ಡಗಲ್ಲು ಗೊತ್ತಿತ್ತು, ಹಲಗೆ ಗೊತ್ತಿತ್ತು, ಸ್ಟೆಪ್ನಿ ತಳ್ಳೋದು ಗೊತ್ತಿತ್ತು. ಅಂಗಡಿಯವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿದ್ದವನು ಒಂದು "ಏನಾಗಲ್ ಬಿಡ್ರಿ"ಗೆ ಬಾಯಿ ಮುಚ್ಚಿಕೊಂಡ. ದುಡ್ಡು ಕೊಡುವವನು ನಾನು, ಗಾಡಿ ನನ್ನದು. "ಕಲ್ಲು ಇಡೋ ತನಕ ಎತ್ತಬೇಡಣ್ಣಾ" ಅಂದಿದ್ದರೆ ಅವನು ಬೈದುಕೊಂಡಾದರೂ ಇಡುತ್ತಿದ್ದ. ಹುಡುಗನನ್ನು ಪಕ್ಕಕ್ಕೆ ಕರೆದು ನಾನೇ ಕೈ ಹಾಕಬಹುದಿತ್ತು. ಪ್ಯಾಂಟಿಗೆ ಮಣ್ಣಾಗುತ್ತಿತ್ತು.

ಜುಲೈನಲ್ಲಿ ಮತ್ತೆ ಆ ಕಡೆ ಹೋದಾಗ ಎರಡು ಬೇವಿನ ಮರದ ತುಂಡು, ಒಂದು ದಪ್ಪ ಹಲಗೆ ಒಯ್ದಿದ್ದೆ. ಬಡಿಗೇರನ ಹತ್ತಿರ ಓರೆಯಾಗಿ ಕೊರೆಸಿದ್ದು. ಹುಡುಗ ಇರಲಿಲ್ಲ. "ರೈಸ್‌ಮಿಲ್ಲಿಗೆ ಹೋಗ್ತಾನ್ರಿ ಈಗ, ಚೀಲ ಹೊಲಿಯಾಕ" ಅಂದ ಅಂಗಡಿಯವನು. ಹಲಗೆ ತಗೊಂಡ, ಬೇಡ ಅನ್ನಲಿಲ್ಲ. ನಾನು ಅಲ್ಲಿದ್ದಾಗಲೇ ಒಂದು ಕಾರು ಬಂತು. ಹಲಗೆ ಕೆಳಗಿಟ್ಟ, ನನ್ನ ಮುಖ ನೋಡಿದ. ತುಂಡುಗಳನ್ನು ಮರೆತಿದ್ದ, ನಾನೇ ಹೋಗಿ ಒತ್ತಿದೆ. ಕಾರಿನ ಯಜಮಾನ ಒಳಗೇ ಕೂತಿದ್ದ, ಗಾಜು ಏರಿಸಿಕೊಂಡು. ತಟ್ಟಿ ಕೆಳಗಿಳಿಸಿದೆ. ಅವನು ನನ್ನನ್ನೂ ಅಂಗಡಿಯ ಕೆಲಸದವನು ಅಂದುಕೊಂಡ :)

ಈ ಆಯುಧಪೂಜೆಗೆ ಊರಲ್ಲೇ ಇರ್ತೀನಿ. ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮುಂಚೆ, ನಮ್ಮ ಮನೆ ಮುಂದೆ ಚಕ್ರ ಬಿಚ್ಚುವ ಕಾರ್ಯಕ್ರಮ. ಟಾರ್ಕ್ ರೆಂಚು ಒಂದಿದೆ, ಬೇವಿನ ತುಂಡು ಇನ್ನೊಂದು ಜೊತೆ ಕೊರೆಸ್ತೀನಿ. ಬಳ್ಳಾರಿ ಕಡೆಯ ಬ್ಲಾಗಿಗರು ಯಾರಾದರೂ ಬರೋದಾದರೆ ತಿಳಿಸಿ, ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ಒಗ್ಗರಣೆ, ಮಿರ್ಚಿ ಅವ್ವ ಮಾಡ್ತಾಳೆ. ನಿಂಬೆಹಣ್ಣೂ ಅವಳದೇ.